ನನ್ನ ಕೌದಿಯ ಖರ್ಚಿನ ವಹಿ

ಹಳೆಯ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿದ ಹೊದಿಕೆಯೇ ಕೌದಿ. ಅದನ್ನು ಹೊಲಿಯುತ್ತೇನೆ ಎಂದಾಗ ಜನ ಎರಡು ಮಾತು ಹೇಳುತ್ತಾರೆ. ಒಂದು, ಗಂಡಸರಾಗಿ ನಿಮಗೇಕೆ ಇದು? ಇನ್ನೊಂದು, ಒಳ್ಳೆಯದಾಯಿತು, ಖರ್ಚಿಲ್ಲದ ಹವ್ಯಾಸ. ಮೊದಲನೆಯದಕ್ಕೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಎರಡನೆಯದಕ್ಕೆ ನನ್ನ ಹತ್ತಿರ ವಹಿಯೇ ಇದೆ. ನೌಕರಿಯಲ್ಲಿದ್ದಷ್ಟೂ ಕಾಲ ಲೆಕ್ಕಪತ್ರ ವಿಭಾಗದಲ್ಲಿ ಕುಳಿತವನು ನಾನು. ನಿವೃತ್ತನಾಗಿ ಧಾರವಾಡದ ಮನೆ ಸೇರಿದ ಮೇಲೂ ಬರೆದಿಡದೆ ಒಂದು ರೂಪಾಯಿ ಕೈಬಿಟ್ಟು ಹೋಗುವುದಿಲ್ಲ.

ಖರ್ಚಿಲ್ಲ ಎನ್ನುವವರು ಬಟ್ಟೆಯನ್ನಷ್ಟೇ ನೋಡಿರುತ್ತಾರೆ. ಹಳೆಯ ಸೀರೆ ತಾನೆ, ಪುಕ್ಕಟೆ ಎಂಬುದು ಅವರ ಲೆಕ್ಕ. ಪುಕ್ಕಟೆ ಅಲ್ಲ. ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ನಮ್ಮ ಓಣಿಗೆ ಈಗಲೂ ಬರುತ್ತಾಳೆ. ನಾನು ಗಂಟು ಕಟ್ಟಿಟ್ಟ ಸೀರೆಗಳನ್ನು ನೋಡಿ ನನ್ನ ಹೆಂಡತಿ, "ಇಷ್ಟಕ್ಕೆ ಒಂದು ಮುಚ್ಚಳದ ಡಬ್ಬಿ ಬರುತ್ತಿತ್ತು ನೋಡಿ" ಎಂದಳು. ಅದನ್ನೂ ವಹಿಯಲ್ಲಿ ಬರೆದುಕೊಂಡೆ: ಬಟ್ಟೆ, ಒಂದು ಡಬ್ಬಿ. ಅವಳು ಸೂಜಿ ಮುಟ್ಟುವವಳಲ್ಲ, ಅಂಗಿಯ ಗುಂಡಿಯನ್ನೂ ದರ್ಜಿಯ ಹತ್ತಿರ ಹಾಕಿಸುತ್ತಾಳೆ.

ಈಗಿನ ಸೀರೆ ಸಾಧಾರಣವಾಗಿ 5.5 ಮೀಟರ್ ಉದ್ದ, 1.15 ಮೀಟರ್ ಅಗಲ ಇರುತ್ತದೆ. ಅದರಲ್ಲಿ 2.1 ಮೀಟರಿನ ಎರಡು ತುಂಡು ಕತ್ತರಿಸಿ ಅಗಲಕ್ಕೆ ಕೂಡಿಸಿದರೆ ಇಬ್ಬರು ಹೊದೆಯುವ ಕೌದಿಗೆ ಒಂದು ಪದರವಾಗುತ್ತದೆ. ಉಳಿದ ತುಂಡು ತೇಪೆಗೆ. ಕೆಳಗೆ ಗಟ್ಟಿಯಾದ ಸೀರೆ, ನಡುವೆ ಸವೆದ ಧೋತರ ಮತ್ತು ಸೀರೆ, ಮೇಲೆ ತೇಪೆಗಳ ಸಾಲು. ನಾಲ್ಕು ಪದರ ನನ್ನ ಕೈಗೆ ಸಾಕು. ಐದನೆಯದನ್ನು ಹಾಕಿದರೆ ಸೂಜಿ ಬಾಗುತ್ತದೆ. ಇಳಕಲ್ ಸೀರೆಯ ಹತ್ತಿ ಒಡಲು ಸಿಕ್ಕರೆ ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಮೈಗೆ ಮೆತ್ತಗೆ, ಸೂಜಿಗೂ ಮೆತ್ತಗೆ. ಅದರ ದಡಿಯನ್ನು ಮಾತ್ರ ಬಿಚ್ಚಿ ಬೇರೆ ಇಡುತ್ತೇನೆ, ಕೌದಿಯ ಅಂಚಿಗೆ ಅದು ಚೌಕಟ್ಟಾಗುತ್ತದೆ.

ಇನ್ನು ಹೊಲಿಗೆ. ಸಾಲಿನಿಂದ ಸಾಲಿಗೆ ಸವ್ವಾ, ಅಂದರೆ ಒಂದೂಕಾಲು, ಸೆಂಟಿಮೀಟರ್ ಅಂತರ ಹಿಡಿದರೆ ಇಷ್ಟು ಅಗಲದ ಕೌದಿಯಲ್ಲಿ ಹೊಲಿಗೆಯ ಸಾಲು ಒಟ್ಟು 385 ಮೀಟರ್ ದಾಟುತ್ತದೆ. ಸೂಜಿ ಮೇಲೆ ಕೆಳಗೆ ಆಡುವುದರಿಂದ ದಾರ ಅದಕ್ಕಿಂತಲೂ ಹೆಚ್ಚು ಬೇಕು. ಗಂಟೆಗೆ ಐದು ಮೀಟರ್ ಹೊಲಿಯುವ ಕೈಯಾದರೆ 77 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಹತ್ತು ದಿನದ ಕೂಲಿ ಎಂದಾಯಿತು. ತೊಳೆಯುವುದು, ಕತ್ತರಿಸುವುದು, ತೇಪೆ ಜೋಡಿಸುವುದು ಇದರಲ್ಲಿ ಸೇರಿಲ್ಲ. ದಾರ, ಸೂಜಿ, ದರ್ಜಿಗಳು ಬೆರಳಿಗೆ ತೊಡುವ ಲೋಹದ ಟೊಪ್ಪಿಗೆ ಎಲ್ಲ ಸೇರಿ ಐದುನೂರು ರೂಪಾಯಿಯ ಒಳಗೇ ಮುಗಿಯಿತು. ದೊಡ್ಡ ಮೊತ್ತ ಇರುವುದು ಗಂಟೆಗಳ ಕಲಮಿನಲ್ಲಿ. ಹಿಂದೆ ಮನೆಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಕೂಲಿಗೆ ಕೌದಿ ಹೊಲಿದುಕೊಡುತ್ತಿದ್ದ ಹೆಣ್ಣುಮಕ್ಕಳಿಗೆ ನಮ್ಮವರು ಎಷ್ಟು ಕೊಡುತ್ತಿದ್ದರು ಎಂದು ನೆನೆದರೆ ಈಗ ಮುಖ ಬಿಸಿಯಾಗುತ್ತದೆ. ಚೌಕಾಸಿ ಮಾಡಿದವರ ಮನೆಯಲ್ಲಿ ಬೆಳೆದವನೇ ನಾನು.

ನನಗೆ ಕಲಿಸಿದವರು ಎದುರು ಮನೆಯ ದೊಡ್ಡವ್ವ. ನವಲಗುಂದದ ಕಡೆಯವರು, ಎಂಬತ್ತು ದಾಟಿದ್ದಾರೆ, ಕಣ್ಣು ಮಂಜು. ಕೌದಿಯನ್ನು ಅಂಗೈಯಿಂದ ಸವರಿ ನೋಡುತ್ತಾರೆ. ಎಲ್ಲಿ ಬಟ್ಟೆ ಉಬ್ಬಿದೆಯೋ ಅಲ್ಲಿ ಕೈ ನಿಲ್ಲುತ್ತದೆ, "ಇಲ್ಲಿ ಗಾಳಿ ಸೇರಿದೆ, ಬಿಚ್ಚು" ಎನ್ನುತ್ತಾರೆ. ಅರವತ್ತು ದಾಟಿದ ನನ್ನನ್ನು ಏಕವಚನದಲ್ಲಿ ಕರೆಯುವವರು ಈಗ ಉಳಿದಿರುವುದೇ ಅವರೊಬ್ಬರು. ಹೊಲಿಗೆಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರಬೇಕು ಎಂಬುದು ಅವರ ಪಾಠ. ವಿದೇಶದ ಕ್ವಿಲ್ಟ್ ಹೊಲಿಯುವವರಲ್ಲಿ ಬಹಳ ಮಂದಿ ನಡುವಿನಿಂದ ಅಂಚಿಗೆ ಹೋಗುತ್ತಾರೆ, ಸುಕ್ಕು ಹೊರಗೆ ಸರಿಯಲಿ ಎಂದು. ಇದನ್ನು ಹೇಳಿದಾಗ ದೊಡ್ಡವ್ವ, "ಅವರಿಗೆ ಜಗ್ಗಿ ಹಿಡಿಯುವ ಮಂದಿ ಇರಲಿಕ್ಕಿಲ್ಲ" ಎಂದುಬಿಟ್ಟರು.

ಆ ಮಾತಿನಲ್ಲಿ ತಂತ್ರವೇ ಅಡಗಿದೆ. ಅಂಚನ್ನು ಮೊದಲು ಕಟ್ಟಿಬಿಟ್ಟರೆ ಸುಕ್ಕಿಗೆ ಹೊರಗೆ ಹೋಗಲು ದಾರಿ ಇಲ್ಲ. ಆದ್ದರಿಂದ ಪದರಗಳನ್ನು ಹಾಸಿದಾಗಲೇ ನಾಲ್ಕು ಮೂಲೆಗೆ ನಾಲ್ವರು ಕುಳಿತು ಜಗ್ಗಬೇಕು. ಒಬ್ಬರು ಬಗ್ಗಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತ ಹೋಗಬೇಕು. ಕಟ್ಟಿಗೆಯ ಚೌಕಟ್ಟು ನಮ್ಮಲ್ಲಿಲ್ಲ, ನೆಲ ಮತ್ತು ನೆರೆಯವರೇ ಚೌಕಟ್ಟು. ಒಬ್ಬನೇ ಮಾಡುತ್ತೇನೆಂದು ಮೂಲೆಗಳ ಮೇಲೆ ಒಳಕಲ್ಲಿನ ಗುಂಡು, ಹಳೆಯ ಲೆಕ್ಕದ ಪುಸ್ತಕ ಎಲ್ಲ ಹೇರಿಟ್ಟಿದ್ದೂ ಉಂಟು. ಕಲ್ಲು ಭಾರವಾಗಿ ಕೂರಬಲ್ಲದು, ಬೇಕಾದಾಗ ಒಂದಿಷ್ಟು ಸಡಿಲ ಬಿಡಲು ಅದಕ್ಕೆ ಬರುವುದಿಲ್ಲ.

ಹೀಗಾಗಿ ಬೇಸಿಗೆಯ ಮಧ್ಯಾಹ್ನ ದೊಡ್ಡವ್ವನ ಪಡಸಾಲೆಯಲ್ಲಿ ಓಣಿಯ ನಾಲ್ಕೈದು ಮಂದಿ ಹೆಂಗಸರ ನಡುವೆ ನಾನೊಬ್ಬ ಗಂಡಸು. ಮೊದಮೊದಲು ನಾನು ಹೋಗಿ ಕುಳಿತರೆ ಮಾತು ನಿಂತುಬಿಡುತ್ತಿತ್ತು. ಸೂಜಿ ನುಗ್ಗುವ ಸದ್ದಷ್ಟೇ. ಎಲ್ಲರಿಗೂ ಕಷ್ಟ, ನನಗೂ ಕಷ್ಟ. ಬಳಿಕ ಯಾರೋ ಒಬ್ಬರು, ಮೈದುನನ ಪಾಲಿನ ಹೊಲದ ವ್ಯಾಜ್ಯ ಹೇಳುತ್ತ, "ಕಾಕಾ, ಇದರಲ್ಲಿ ಬಡ್ಡಿ ಹೇಗೆ ಹಿಡಿಯಬೇಕು?" ಎಂದು ಕೇಳಿದರು. ಅಲ್ಲಿಂದ ದಾರಿಯಾಯಿತು. ಈಗ ಸ್ವಸಹಾಯ ಸಂಘದ ಸಾಲ, ಸೊಸೆಯ ಸಂಬಳ, ಯಾರ ಮನೆಯ ಸೀಮಂತಕ್ಕೆ ಏನು ಕೊಟ್ಟರು ಎಲ್ಲವೂ ನನ್ನೆದುರೇ ಹರಿದಾಡುತ್ತದೆ. ಕೇಳಿದ್ದನ್ನು ಮನೆಯಲ್ಲಿ ಹೇಳುವುದಿಲ್ಲ. ಹೆಂಡತಿಗೆ ಇದೊಂದೇ ಸಿಟ್ಟು.

ತಾಳ್ಮೆಯ ಬಗ್ಗೆ ಜನ ಬಹಳ ದೊಡ್ಡ ಮಾತಾಡುತ್ತಾರೆ. ನನ್ನ ಅನುಭವದಲ್ಲಿ ಅದು ಮೊದಲು ಬೇಕಾದದ್ದು ಸೊಂಟಕ್ಕೆ. ನೆಲದ ಮೇಲೆ ಕಾಲು ಮಡಿಸಿ ಒಂದು ಗಂಟೆ, ಆಮೇಲೆ ಎದ್ದು ಅಡ್ಡಾಡಬೇಕು. ಮೊಳದಷ್ಟೇ ದಾರ ತೆಗೆದುಕೊಳ್ಳಬೇಕು. ಪದೇ ಪದೇ ಪೋಣಿಸಲು ಬೇಸರವೆಂದು ಉದ್ದ ದಾರ ಹಿಡಿದರೆ ಅದು ಗಂಟು ಬಿದ್ದು ಎರಡರಷ್ಟು ಹೊತ್ತು ತಿನ್ನುತ್ತದೆ. ಪೋಣಿಸುವ ಕೆಲಸಕ್ಕೆ ದೊಡ್ಡವ್ವನ ಮರಿಮೊಮ್ಮಗಳಿದ್ದಾಳೆ. ಶಾಲೆ ಬಿಟ್ಟು ಬಂದವಳು ಒಂದು ರಾಶಿ ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಆಟಕ್ಕೆ ಓಡುತ್ತಾಳೆ. ಅವಳ ಚಾಕೊಲೇಟ್ ಖರ್ಚೂ ವಹಿಯಲ್ಲಿದೆ.

ಒಮ್ಮೆ ಯಲ್ಲಾಪುರದ ಕಡೆ ಮದುವೆಗೆ ಹೋದಾಗ ಸಿದ್ದಿಯರ ಕೌದಿಯಾದ ಕವಂದಿ ನೋಡಲು ಸಿಕ್ಕಿತು. ಆಫ್ರಿಕಾ ಮೂಲದ ಈ ಸಮುದಾಯ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿದೆ. ಅವರೂ ಅಂಚಿನಿಂದಲೇ ಒಳಗೆ ಬರುತ್ತಾರೆ. ಆದರೆ ಬಣ್ಣ ಕೂಡಿಸುವುದರಲ್ಲಿ ಅವರಿಗಿರುವ ಧೈರ್ಯ ನನಗಿಲ್ಲ: ಕೆಂಪಿನ ಮಗ್ಗುಲಿಗೇ ಗಿಳಿಹಸಿರು, ಅದರ ಮೇಲೆ ಹಳದಿಯ ಚೌಕ. ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಾಡಿದ ತ್ರಿಕೋನಗಳನ್ನು ಕೂರಿಸುತ್ತಾರೆ, ಅವನ್ನು ಹೂವು ಎನ್ನುತ್ತಾರೆ. ಊರಿಗೆ ಬಂದು ನಾನೂ ಮೂಲೆಗೆ ಹೂವು ಇಟ್ಟೆ. ದೊಡ್ಡವ್ವ ಸವರಿ ನೋಡಿ, "ಇದೇನು ಚುಚ್ಚುತ್ತದೆ?" ಎಂದರು.

ದೊಡ್ಡವ್ವನ ತವರಿನ ಪದ್ಧತಿ ಬೇರೆ. ನಡುವಿನ ಕೊನೆಯ ತೇಪೆ ಮುಚ್ಚುವ ಮುಂಚೆ ಅದರೊಳಗೆ ಹೋಳಿಗೆಯ ಚೂರು ಇಡಬೇಕು, ಕೌದಿ ಹಸಿದಿರಬಾರದು. ಇರುವೆ ಬರುತ್ತವಲ್ಲ ಎಂದೆ. ಕೌದಿ ಹೊದ್ದವರನ್ನು ಇರುವೆ ಒಯ್ದದ್ದನ್ನು ನೋಡಿದ್ದೀಯಾ ಎಂದರು. ಕೊನೆಗೆ ನಾಲ್ಕು ಅಕ್ಕಿಕಾಳಿಗೆ ರಾಜಿಯಾದೆವು.

ಮೊನ್ನೆ ಬೆಂಗಳೂರಿನ ಪರಿಚಯದವರೊಬ್ಬರು ಒಂದು ಕೌದಿ ಕೊಳ್ಳುತ್ತೇವೆ, ಬೆಲೆ ಹೇಳಿ ಎಂದರು. ವಹಿಯ ಪುಟದ ಫೋಟೊ ತೆಗೆದು ಕಳುಹಿಸಿದೆ: ಡಬ್ಬಿ, ದಾರ, ಚಾಕೊಲೇಟ್, 77 ಗಂಟೆ, ಅದರ ಕೆಳಗೆ ಜಗ್ಗಿ ಹಿಡಿದ ನಾಲ್ವರ ಗಂಟೆಗಳು. ಹಳೆಯ ಬಟ್ಟೆಗೆ ಇಷ್ಟೊಂದೇ ಎಂದು ಅವರು ಉತ್ತರಿಸಿದರು. ನಾನು ಮಾರಲಿಲ್ಲ, ಅದು ಈಗ ಬಡ್ಡಿಯ ಪ್ರಶ್ನೆ ಕೇಳಿದ ಮನೆಯ ಬಾಣಂತಿಯ ಹಾಸಿಗೆಯಲ್ಲಿದೆ. ಮುಂದಿನದಕ್ಕೆ ಓಣಿಯವರೆಲ್ಲ ಸೀರೆ ತಂದುಕೊಡುತ್ತಿದ್ದಾರೆ. ಕೊಡುವವರಲ್ಲಿ ಒಂದೇ ವಿನಂತಿ: ಪಾಲಿಯೆಸ್ಟರ್ ಬೇಡ. ಅದು ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ. ಪಾತ್ರೆಯವಳಿಗೆ ಕೊಟ್ಟು ಡಬ್ಬಿ ತೆಗೆದುಕೊಳ್ಳಿ.