ಮಳೆಗಾಲದಲ್ಲಿ ನಾರುತ್ತಿದ್ದ ಗೊಬ್ಬರದ ಗುಂಡಿ

ತೀರ್ಥಹಳ್ಳಿ ಕಡೆಯ ಜಡಿಮಳೆಯಲ್ಲಿ ನಮ್ಮ ಹಿತ್ತಲಿನ ಗೊಬ್ಬರದ ಗುಂಡಿಗೆ ನೀರು ನಿಂತು, ಅಡುಗೆಮನೆಯ ಹಸಿ ಕಸವೆಲ್ಲ ಗಾಳಿಯಾಡದೆ ಕೊಳೆತು ನಾರುತ್ತಿತ್ತು. ಆದ್ದರಿಂದ ಗುಂಡಿಯನ್ನು ಮುಚ್ಚಿಸಿ, ಮಾಡಿನ ಕೆಳಗೆ ನೆಲದ ಮೇಲೆಯೇ ಅಡಿಕೆ ದಬ್ಬೆಗಳನ್ನು ಸಂದು ಬಿಟ್ಟು ಜೋಡಿಸಿ ತೊಟ್ಟಿ ಕಟ್ಟಿ, ತಳಕ್ಕೆ ಒಣಕಡ್ಡಿಗಳನ್ನು ಹಾಸಿದೆ. ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು 30:1 ಇದ್ದರೆ ಕಸ ಚೆನ್ನಾಗಿ ಕಳಿಯುತ್ತದೆ. ಹಸಿ ಕಸದಲ್ಲಿ ಸಾರಜನಕ ಹೆಚ್ಚು, ತರಗೆಲೆಯಲ್ಲಿ ಇಂಗಾಲ ಹೆಚ್ಚು. ಹಾಗಾಗಿ ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ತರಗೆಲೆ ಹಾಕುತ್ತೇನೆ. ಅದನ್ನು ಬೇಸಿಗೆಯಲ್ಲೇ ಗುಡಿಸಿ ಚೀಲಗಳಲ್ಲಿ ತುಂಬಿಡಲೇಬೇಕು, ಮಳೆ ಹಿಡಿದ ಮೇಲೆ ಒಣಗಿದ ಎಲೆ ಎಲ್ಲಿಯೂ ಸಿಗುವುದಿಲ್ಲ. ಅಡಿಕೆ ಸಿಪ್ಪೆ ಬೇಗ ಕರಗದಿದ್ದರೂ ಗಾಳಿಗೆ ದಾರಿ ಮಾಡಿಕೊಡುತ್ತದೆ. ತೊಟ್ಟಿಯ ಕಸವನ್ನು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿಯಷ್ಟೇ ಮೂಡಿದರೆ ಹದ ಸರಿಯಾಗಿದೆ. ನೀರು ಅದಕ್ಕಿಂತ ಹೆಚ್ಚು ಸುರಿದರೆ ಇನ್ನಷ್ಟು ತರಗೆಲೆ ಬೆರೆಸಿ ಮಗುಚಬೇಕು.