ಪಿನ್ನು ಬಿಡಿ, ಸೂಜಿ ಹಿಡಿಯಿರಿ

ಸಮುದ್ರದ ಗಾಳಿ ತಾಗುವ ಊರುಗಳಲ್ಲಿ ಪಿನ್ನು ಹೊಡೆದ ಪುಸ್ತಕಕ್ಕೆ ಆಯುಷ್ಯ ಕಡಿಮೆ. ಕಾರವಾರ, ಅಂಕೋಲಾ, ಕುಮಟಾ, ಯಾವ ಊರಿನ ಮನೆಯಲ್ಲಾದರೂ ಸರಿ, ಮಕ್ಕಳ ಹಳೇ ನೋಟ್ ಪಟ್ಟಿ ತೆಗೆದು ನೋಡಿ. ಎರಡು ಮಳೆಗಾಲ ಕಂಡಿದ್ದರೆ ಪಿನ್ನಿನ ಸುತ್ತ ಕೆಂಪು ಕಲೆ ಇರುತ್ತದೆ, ನಡುವಿನ ಹಾಳೆ ಮುಟ್ಟಿದರೆ ಕೈಗೇ ಬರುತ್ತದೆ. ಉಪ್ಪು ಗಾಳಿ ಕಬ್ಬಿಣ ತಿನ್ನುತ್ತದೆ, ತುಕ್ಕು ಕಾಗದ ತಿನ್ನುತ್ತದೆ. ಬರೀ ಗಮ್ಮಿನಲ್ಲಿ ಬೆನ್ನು ಅಂಟಿಸಿದ ಡೈರಿಗಳೂ ಬಾಳುವುದಿಲ್ಲ. ನಾಲ್ಕು ಸಲ ಪೂರ್ತಿ ಬಿಚ್ಚಿಟ್ಟರೆ ಬೆನ್ನು ಬಿರಿದು ಹಾಳೆ ಒಂದೊಂದೇ ಉದುರುತ್ತವೆ. ಈಗಿನ ಹುಡುಗಿಯರು ಜರ್ನಲ್ ಅನ್ನುತ್ತಾರಲ್ವಾ, ಅದಿರಲಿ, ಅಡುಗೆ ಬರೆದಿಡುವ ಪುಸ್ತಕವಿರಲಿ, ಮದುವೆ ಹಾಡಿನ ಪುಸ್ತಕವಿರಲಿ, ಬಹಳ ವರ್ಷ ಇಟ್ಟುಕೊಳ್ಳಬೇಕು ಅಂತಿದ್ದರೆ ನಮ್ಮ ಕಡೆ ದಾರದಲ್ಲಿ ಹೊಲಿದೇ ಮಾಡಬೇಕು. ಮನೆಯಲ್ಲೇ ಆಗುವ ಕೆಲಸ. ದೊಡ್ಡ ಸಾಮಾನೇನೂ ಬೇಡ.

ಹೊಲಿಗೆಗೆ ಕಾಲ ನೋಡಬೇಕಾಗಿಲ್ಲ, ಅಂಟಿಗೆ ನೋಡಲೇಬೇಕು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಆ ದಿನಗಳಲ್ಲಿ ಮೈದಾ ಅಂಟು ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ, ರಟ್ಟು ಡೊಂಕಾಗುತ್ತದೆ. ನನ್ನ ತವರು ಶಿರಸಿ ಕಡೆ. ಅಲ್ಲಿ ಮಳೆಯ ಜೊತೆ ಥಂಡಿಯೂ ಸೇರಿ ಇನ್ನೂ ಕಷ್ಟ. ಹಾಗಾಗಿ ಮಳೆಗಾಲದ ಮಧ್ಯಾಹ್ನಗಳಲ್ಲಿ ಹಾಳೆ ಮಡಚಿ, ತೂತು ಹಾಕಿ, ಹೊಲಿದು ಇಟ್ಟುಕೊಳ್ಳಿ. ರಟ್ಟು ಕಟ್ಟುವುದನ್ನು ದೀಪಾವಳಿ ಆಚೆಗೆ ಹಾಕಿ. ಅಂಗಳದಲ್ಲಿ ಅಡಿಕೆ ಒಣಗುವ ಕಾಲವೇ ಅಂಟು ಒಣಗುವ ಕಾಲ.

ಕಾಗದ ತರುವಾಗ ಅಂಗಡಿಯಲ್ಲಿ ಜಿಎಸ್‌ಎಂ ಎಷ್ಟು ಅಂತ ಕೇಳಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70 ರಿಂದ 80 ಇರುತ್ತದೆ. ಬಾಲ್‌ಪೆನ್ನಿಗೆ ಅಷ್ಟು ಸಾಕು. ಶಾಯಿ ಪೆನ್ನಲ್ಲಿ ಬರೆಯುವವರು 100 ತಗೊಳ್ಳಿ, ಇಲ್ಲವೇ ಲೆಡ್ಜರ್ ಕಾಗದ ಕೇಳಿ. ಮಳೆಗಾಲದಲ್ಲಿ ತೆಳು ಹಾಳೆ ತೇವ ಎಳೆದುಕೊಂಡು ಶಾಯಿ ಹರಡುತ್ತದೆ. ಪ್ರೆಸ್ಸಿನವರ ಪರಿಚಯ ಇದ್ದರೆ ಕಟಿಂಗ್‌ನಲ್ಲಿ ಉಳಿದ ತುಂಡುಗಳನ್ನೂ ಕೇಳಬಹುದು. ಮದುವೆ ಹಂಗಾಮಿನಲ್ಲಿ ಒಳ್ಳೇ ದಪ್ಪ ಕಾಗದ ಸಿಗುತ್ತದೆ.

ಹೆಚ್ಚಿನವರು ಗಮನಿಸದ ಸಂಗತಿ ಅಂದರೆ ಕಾಗದದ ನಾರಿನ ದಿಕ್ಕು. ಕಾರ್ಖಾನೆಯಲ್ಲಿ ಕಾಗದ ಆಗುವಾಗ ನಾರುಗಳು ಹೆಚ್ಚುಕಡಿಮೆ ಒಂದೇ ಕಡೆಗೆ ಮಲಗುತ್ತವೆ. ದಿನಪತ್ರಿಕೆ ಹರಿದು ನೋಡಿ. ಮೇಲಿಂದ ಕೆಳಗೆ ನೆಟ್ಟಗೆ ಹರಿಯುತ್ತದೆ, ಅಡ್ಡ ಹರಿದರೆ ಸೊಟ್ಟಂಬಟ್ಟ. ತೇವ ತಾಗಿದಾಗ ನಾರು ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ನಾರು ಪುಸ್ತಕದ ಬೆನ್ನಿನ ಜೊತೆಗೇ ಮೇಲಿಂದ ಕೆಳಗೆ ಹೋಗಿದ್ದರೆ ಉಬ್ಬಿದ ಹಾಳೆ ಹೊರ ಅಂಚಿನ ಕಡೆ ಕೂದಲೆಳೆಯಷ್ಟು ಸರಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಾರು ಅಡ್ಡ ಇದ್ದರೆ ಹಾಳೆ ಉಬ್ಬುವುದು ಬೆನ್ನಿನ ಉದ್ದಕ್ಕೆ. ಅಲ್ಲಿ ಹೊಲಿಗೆ ಬಿಗಿ ಹಿಡಿದಿರುತ್ತದೆ, ಸರಿಯಲು ಜಾಗವಿಲ್ಲ. ಆಗ ಹಾಳೆ ಸುಕ್ಕುಗಟ್ಟುತ್ತದೆ. ಅಂಥ ಪುಸ್ತಕ ಮೇಜಿನ ಮೇಲೆ ಬಿಚ್ಚಿಟ್ಟರೆ ಹಾಳೆ ಕೆಳಗೆ ಮಲಗುವುದೂ ಇಲ್ಲ, ಸೆಟೆದು ನಿಲ್ಲುತ್ತದೆ. ಒಣ ಊರಲ್ಲಿ ಇದು ಹೇಗೋ ನಡೆಯುತ್ತದೆ. ನಮ್ಮಲ್ಲಿ ಒಂದೇ ಆಷಾಢಕ್ಕೆ ಬಣ್ಣ ಬಯಲು.

ದಿಕ್ಕು ಕಂಡುಹಿಡಿಯುವುದು ಸುಲಭ. ಹಾಳೆಯ ಎರಡು ಅಂಚು ಕೂಡಿಸಿ ಮಡಿಕೆ ಬೀಳದ ಹಾಗೆ ಮೇಲಿಂದ ಅಂಗೈಯಲ್ಲಿ ಒತ್ತಿ. ತಿರುಗಿಸಿ ಇನ್ನೆರಡು ಅಂಚು ಕೂಡಿಸಿ ಒತ್ತಿ. ಯಾವ ಕಡೆ ಸಲೀಸಾಗಿ ಬಗ್ಗಿತೋ ಆ ಬಾಗಿನ ಗೆರೆಯೇ ನಾರಿನ ದಿಕ್ಕು. ಅಂಗಡಿಯ ಎ4 ಹಾಳೆಯಲ್ಲಿ ನಾರು ಹೆಚ್ಚಾಗಿ 297 ಮಿಲಿಮೀಟರಿನ ಉದ್ದದ ಕಡೆ ಇರುತ್ತದೆ. ಅದನ್ನು ಎಲ್ಲರೂ ಮಾಡುವ ಹಾಗೆ ನಡುವೆ ಮಡಚಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಬದಲಿಗೆ ಹಾಳೆಯನ್ನು ಉದ್ದದ ನಡುವೆ ಕತ್ತರಿಸಿ ಎರಡು ತುಂಡು ಮಾಡಿ, ಒಂದೊಂದು ತುಂಡನ್ನು ಮಡಚಿ. 105 ಕ್ಕೆ 148 ಮಿಲಿಮೀಟರಿನ ಜೇಬಿನ ಪುಸ್ತಕವಾಗುತ್ತದೆ, ನಾರೂ ಸರಿ ಕೂರುತ್ತದೆ. ಇಲ್ಲವೇ ಎ4 ಅನ್ನು ಉದ್ದುದ್ದಕ್ಕೆ ಮಡಚಿ, ವಖಾರಿಯ ಹಳೇ ಕಿರ್ದಿ ಪುಸ್ತಕದ ಆಕಾರ ಬರುತ್ತದೆ. ಮನೆಖರ್ಚು ಬರೆಯಲು ಅದೇ ಚಂದ. ದೊಡ್ಡ ಪುಸ್ತಕ ಬೇಕಾದರೆ ದೊಡ್ಡ ಶೀಟು ತಂದು, ದಿಕ್ಕು ನೋಡಿ ಕತ್ತರಿಸಿಕೊಳ್ಳಿ.

ನಾಲ್ಕು ಹಾಳೆ ಒಟ್ಟಿಗೆ ಮಡಚಿದರೆ 16 ಪುಟ. ಪ್ರೆಸ್ಸಿನವರ ಬಾಯಲ್ಲಿ ಅದು ಒಂದು ಫಾರಂ. ಇಂಥ ಎಂಟು ಫಾರಂ ಆದರೆ 128 ಪುಟ, ಕೈಗೆ ಹದವಾದ ಪುಸ್ತಕ. ಮಡಿಕೆಯನ್ನು ಉಗುರಲ್ಲಿ ತೀಡಬೇಡಿ, ಸ್ಟೀಲ್ ಚಮಚದ ಬೆನ್ನಿನಿಂದ ತೀಡಿ. ನಯವಾಗಿ ತಿಕ್ಕಿದ ಕರಟದ ಚೂರೂ ಆಗುತ್ತದೆ. ಮಡಚಿದ ಫಾರಂಗಳನ್ನು ಒಂದು ರಾತ್ರಿ ಭಾರದ ಕೆಳಗೆ ಇಟ್ಟರೆ ಮುಂದಿನ ಕೆಲಸ ಅರ್ಧ ಹಗುರ.

ತೂತು ಹಾಕುವುದಕ್ಕೆ ಅಡಿಕೆ ಚೀಲ ಹೊಲಿಯುವ ದಬ್ಬಣ ತರಬೇಡಿ. ತೂತು ದೊಡ್ಡದಾಗಿ ಹೊಲಿಗೆ ಸಡಿಲವಾಗುತ್ತದೆ. ಸಾದಾ ದಪ್ಪ ಸೂಜಿ ಸಾಕು. ಫಾರಂ ಬಿಡಿಸಿ ಯಾವುದಾದರೂ ಹಳೇ ದಪ್ಪ ಪುಸ್ತಕದ ನಡುವಿನ ಹಳ್ಳದಲ್ಲಿ ಇಟ್ಟು ಚುಚ್ಚಿದರೆ ಸೂಜಿ ಸರಿಯಾಗಿ ಮಡಿಕೆಯ ಮೇಲೇ ಇಳಿಯುತ್ತದೆ. ಬೆನ್ನು 21 ಸೆಂಟಿಮೀಟರ್ ಇದ್ದರೆ ಆರು ತೂತು. ಮೇಲಿಂದ ಅಳೆದು 1.5, 6, 7, 14, 15, 19.5 ರಲ್ಲಿ ಹಾಕಿ. ಈ ಅಳತೆಯನ್ನು ಒಂದು ರಟ್ಟಿನ ಪಟ್ಟಿಯ ಮೇಲೆ ಗುರುತು ಮಾಡಿಕೊಂಡು ಎಲ್ಲ ಫಾರಂಗೂ ಅದನ್ನೇ ಇಟ್ಟು ಚುಚ್ಚಿ. ಕಣ್ಣಳತೆ ನಂಬಬೇಡಿ. 6 ಮತ್ತು 7 ರ ನಡುವೆ ಒಂದು ಲಾಡಿ, 14 ಮತ್ತು 15 ರ ನಡುವೆ ಇನ್ನೊಂದು. ಹೌದು, ಲಂಗಕ್ಕೆ ಹಾಕುವ ಚಪ್ಪಟೆ ಹತ್ತಿ ಲಾಡಿಯೇ. ಒಂದು ಗೇಣಿಗಿಂತ ಕಡಿಮೆ ಉದ್ದದ ಎರಡು ತುಂಡು ಸಾಕು.

ದಾರದ ವಿಷಯದಲ್ಲಿ ಕರಾವಳಿಯವರಿಗೆ ಒಂದು ಆಸೆ ಹುಟ್ಟುತ್ತದೆ. ಬಲೆಯ ನೈಲಾನ್ ನೂಲು ಮನೆಯಲ್ಲೇ ಇದೆಯಲ್ಲ, ಎಷ್ಟು ಗಟ್ಟಿ ಅಂತ. ಗಟ್ಟಿಯೇ, ಆದರೆ ಅದು ಕಾಗದವನ್ನು ಕೊಯ್ಯುತ್ತದೆ, ಗಂಟೂ ಜಾರುತ್ತದೆ. ಮೀನು ಹಿಡಿಯಲು ಬಿಡಿ ಅದನ್ನು. ಬಟ್ಟೆ ಹೊಲಿಯುವ ಮಿಷನ್ ದಾರ ತೀರಾ ತೆಳು. ಚೀಲದ ಬಾಯಿ ಹೊಲಿಯುವ ಹತ್ತಿ ದಾರ ಸರಿಯಾಗುತ್ತದೆ. ಅದನ್ನು ಜೇನುಮೇಣದ ಮೇಲೆ ಎರಡು ಸಲ ಎಳೆಯಿರಿ. ಶಿರಸಿ ಕಡೆ ಜೇನು ಸಾಕುವವರು ಬೇಕಾದಷ್ಟಿದ್ದಾರೆ, ಮೇಣ ಅಲ್ಲಿಂದ ಒಂದು ಉಂಡೆ ತಂದಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಮೇಣ ಹಾಕಿದ ದಾರ ಸಿಕ್ಕಾಗುವುದಿಲ್ಲ, ತೇವ ಕುಡಿಯುವುದೂ ಕಡಿಮೆ. ಒಂದು ಸಲಕ್ಕೆ ಒಂದು ಮಾರಿಗಿಂತ ಉದ್ದ ತಗೋಬೇಡಿ. ಮುಗಿದಾಗ ಫಾರಂ ಒಳಗಡೆ ಗಂಟು ಹಾಕಿ ಮುಂದುವರಿಸಬಹುದು.

ಈಗ ಹೊಲಿಗೆ. ಮೊದಲ ಫಾರಂನ ಬೆನ್ನು ಮೇಜಿನ ಅಂಚಿಗೆ ಬರುವ ಹಾಗೆ ಇಡಿ. ಎರಡೂ ಲಾಡಿ ಮೇಜಿನ ಅಂಚಿನಿಂದ ಕೆಳಗೆ ಇಳಿದಿರಲಿ. ಒಂದು ತುದಿಯ ತೂತಿನಿಂದ ಸೂಜಿ ಒಳಗೆ ಹಾಕಿ, ದಾರದ ತುದಿ ನಾಲ್ಕು ಬೆರಳಷ್ಟು ಹೊರಗೇ ಬಿಡಿ. ಒಳಗಿಂದ ಮುಂದಿನ ತೂತಿಗೆ ಬಂದು ಹೊರಗೆ ತೆಗೆದು, ಲಾಡಿಯ ಮೇಲೆ ಹಾಯಿಸಿ, ಪಕ್ಕದ ತೂತಿನಿಂದ ಮತ್ತೆ ಒಳಗೆ. ಹೀಗೇ ಎರಡನೇ ಲಾಡಿ ದಾಟಿದರೆ ಆ ಕಡೆಯ ಕೊನೆಯ ತೂತಿನಿಂದ ಹೊರಬರುತ್ತೀರಿ. ಮೇಲೆ ಎರಡನೇ ಫಾರಂ ಇಟ್ಟು, ನೇರ ಮೇಲಿನ ತೂತಿಗೆ ಸೂಜಿ ಹಾಕಿ ವಾಪಸ್ ಹೊಲಿಯುತ್ತಾ ಬನ್ನಿ. ಶುರುವಿನ ಕಡೆ ತಲುಪಿದಾಗ ಬಿಟ್ಟಿದ್ದ ತುದಿಗೆ ಕಟ್ಟಿ. ಮೂರನೇ ಫಾರಂನಿಂದ ಗಂಟಿನ ರೀತಿ ಬೇರೆ. ಕೊನೆಯ ತೂತಿನಿಂದ ಹೊರಬಂದ ಸೂಜಿಯನ್ನು ಕೆಳಗಿನ ಎರಡು ಫಾರಂಗಳನ್ನು ಜೋಡಿಸಿದ ದಾರದ ಹಿಂದೆ ತೂರಿಸಿ, ಆಗುವ ಕುಣಿಕೆಯೊಳಗೆ ಹಾಯಿಸಿ ಮೆಲ್ಲಗೆ ಬಿಗಿಯಿರಿ. ಆಮೇಲೆ ನಾಲ್ಕನೆಯದು. ದಾರ ಎಳೆಯುವಾಗ ಯಾವತ್ತೂ ಬೆನ್ನಿನ ಉದ್ದಕ್ಕೇ ಎಳೆಯಬೇಕು ತಂಗೀ, ನಿಮ್ಮ ಎದೆಯ ಕಡೆಗಲ್ಲ. ಎದೆಯ ಕಡೆ ಎಳೆದರೆ ದಾರ ಮಡಿಕೆಯನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಎರಡನೇ ಪುಸ್ತಕದ ಹೊತ್ತಿಗೆ ಕೈ ತಾನೇ ಕಲಿಯುತ್ತದೆ.

ಅಂಟು ಮನೆಯಲ್ಲೇ ಕಾಯಿಸಿ. ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು. ತಣ್ಣೀರಲ್ಲೇ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಪಾರದರ್ಶಕ ಆಗುವಾಗ ಇಳಿಸಿ. ಆರಿದ ಮೇಲೆ ತೆಳ್ಳೇವಿನ, ಅಂದರೆ ನಮ್ಮ ಕಡೆಯ ತೆಳು ದೋಸೆಯ, ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಮೈದಾ ಅಂದರೆ ಜಿರಳೆಗೂ ಹುಳುವಿಗೂ ಹಬ್ಬದೂಟ, ಅದಕ್ಕೇ ಹಳೇ ಬೈಂಡಿಂಗಿನವರು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಸೇರಿಸುತ್ತಿದ್ದರು. ತೋಟ ಇದ್ದವರ ಮನೆಯಲ್ಲಿ ಅಡಿಕೆಯ ಕೊಳೆರೋಗದ ಔಷಧಕ್ಕೆ ತಂದದ್ದು ಇದ್ದೇ ಇರುತ್ತದೆ. ಆದರೆ ಅದು ವಿಷ. ಅಂಟು ಒಲೆಯಿಂದ ಇಳಿಸಿ ಬೇರೆ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದ ಮೇಲೆಯೇ ಬೆರೆಸಿ, ಅಡುಗೆ ಪಾತ್ರೆಗೆ ಮಾತ್ರ ತಾಗಿಸಬೇಡಿ. ಕಬ್ಬಿಣದ ಪಾತ್ರೆಯೂ ಬೇಡ. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಆ ಔಷಧ, ಅಂದರೆ ಬೋರ್ಡೋ ದ್ರಾವಣ, ಮಾಡುವಾಗ ಕತ್ತಿ ಅದ್ದಿ ನೋಡುತ್ತಾರಲ್ವಾ, ಸುಣ್ಣ ಕಡಿಮೆಯಾದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಅದೇ ಗುಣ ಇಲ್ಲೂ. ಸಣ್ಣ ಮಕ್ಕಳಿರುವ ಮನೆಯಾದರೆ ಮೈಲುತುತ್ತದ ಸಹವಾಸವೇ ಬೇಡ, ಆ ದಿನದ ಅಂಟು ಆ ದಿನವೇ ಮುಗಿಸಿ. ಹುಳಿ ವಾಸನೆ ಬಂದ ಅಂಟು ಚೆಲ್ಲಿ.

ನಮ್ಮ ನಾಡಲ್ಲಿ ಹುಣಸೆಬೀಜದ ಅಂಟೂ ಬಳಕೆಯಲ್ಲಿತ್ತು. ಹಿಂದೆ ಲೆಕ್ಕಪತ್ರ ಬರೆಯುತ್ತಿದ್ದ ಕಡತಗಳು ಅದರಿಂದಲೇ ಆಗುತ್ತಿದ್ದವು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಪುಡಿ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇವೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕಾಯಿಸುವ ತಾಳ್ಮೆ ಇದ್ದವರು ಮಾಡಿ ನೋಡಿ. ನನಗೆ ಮೈದಾ ಸಾಕು.

ಹೊಲಿದ ಬೆನ್ನಿಗೆ ಮಾತ್ರ ಫೆವಿಕಾಲ್ ತೆಳ್ಳಗೆ ಸವರಿ, ಹಳೇ ಪಂಚೆಯ ಒಂದು ಪಟ್ಟಿ ಅಂಟಿಸಿ. ಅದು ಒಣಗಿದ ಮೇಲೂ ಬಾಗುತ್ತದೆ. ರಟ್ಟಿನ ಮೇಲೆ ಬಟ್ಟೆ ಕೂರಿಸಲು ಮೈದಾ ಅಂಟೇ ಒಳ್ಳೆಯದು. ನಿಧಾನ ಒಣಗುವುದರಿಂದ ಬಟ್ಟೆಯನ್ನು ಸರಿಸಿ ನೇರ ಮಾಡಲು ಸಮಯ ಸಿಗುತ್ತದೆ. ರಟ್ಟು 2 ಮಿಲಿಮೀಟರ್ ದಪ್ಪದ್ದು ಇರಲಿ. ಎತ್ತರ ಹಾಳೆಗಿಂತ ಮೇಲೂ ಕೆಳಗೂ 3 ಮಿಲಿಮೀಟರ್ ಜಾಸ್ತಿ, ಅಗಲ ಹಾಳೆಗಿಂತ 4 ಮಿಲಿಮೀಟರ್ ಕಡಿಮೆ. ಬೆನ್ನಿಗೆ ಬರುವ ರಟ್ಟಿನ ಪಟ್ಟಿಗೂ ಎರಡು ಬದಿಯ ರಟ್ಟಿಗೂ ನಡುವೆ 7 ಮಿಲಿಮೀಟರ್ ಜಾಗ ಬಿಡಿ, ಅಲ್ಲೇ ರಟ್ಟು ಮಡಚಿಕೊಳ್ಳುವುದು. ಬಟ್ಟೆಗೆ ಹಳೇ ಹತ್ತಿ ಸೀರೆ ಆಗುತ್ತದೆ. ಮೊದಲು ಅದರ ಹಿಂದೆ ತೆಳು ಕಾಗದ ಅಂಟಿಸಿ ಒಣಗಿಸಿ, ಇಲ್ಲದಿದ್ದರೆ ಅಂಟು ಬಟ್ಟೆಯಿಂದ ಹೊರಗೆ ಇಣುಕಿ ಕಲೆ ಬೀಳುತ್ತದೆ. ಅಡಿಕೆ ಹಾಳೆಯ ಹೊದಿಕೆ ಈಗ ಕೆಲವರಿಗೆ ಇಷ್ಟ. ಫೋಟೋದಲ್ಲಿ ಚಂದ, ಅಷ್ಟೇ. ಬೇಸಿಗೆಯಲ್ಲಿ ಸೀಳುತ್ತದೆ, ಮಳೆಗಾಲದಲ್ಲಿ ಬೂಸ್ಟು.

ರಟ್ಟಿನ ಹೊರಗೆ ಬಟ್ಟೆ ಅಂಟಿಸಿದರೆ ಒಣಗುವಾಗ ಅದು ರಟ್ಟನ್ನು ಹೊರಗೆ ಎಳೆಯುತ್ತದೆ. ಒಳಗೆ ಅಸ್ತರು ಹಾಳೆ ಅಂಟಿಸಿದಾಗ ಅದು ಒಳಗೆ ಎಳೆದು ರಟ್ಟು ಸಮ ಆಗುತ್ತದೆ. ಲಾಡಿಯ ತುದಿಗಳೂ ಪಂಚೆ ಪಟ್ಟಿಯ ಅಂಚೂ ಈ ಅಸ್ತರಿನ ಕೆಳಗೇ ಸೇರಬೇಕು, ಪುಸ್ತಕವನ್ನು ರಟ್ಟಿಗೆ ಹಿಡಿದಿಡುವುದು ಅವೇ. ಅಸ್ತರು ಅಂಟಿಸಿದ ತಕ್ಷಣ ಅದಕ್ಕೂ ಮುಂದಿನ ಹಾಳೆಗೂ ನಡುವೆ ಪ್ಲಾಸ್ಟಿಕ್ ಹಾಳೆ ಇಡಿ, ತೇವ ಒಳಗೆ ಇಳಿಯುವುದಿಲ್ಲ. ಎರಡು ಮಣೆಗಳ ನಡುವೆ ಪುಸ್ತಕ ಇಟ್ಟು, ಪೇಪರ್ ಸುತ್ತಿದ ಚಿರೆಕಲ್ಲು ಹೇರಿ. ಒಂದು ಹಗಲು ಒಂದು ರಾತ್ರಿಯಾದರೂ ಹಾಗೇ ಇರಲಿ. ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ನಿಜ, ರಟ್ಟು ದೋಣಿಯಾಗುವುದೂ ಬೇಗ.

ಹೊಸ ಪುಸ್ತಕವನ್ನು ನಡುವಿಗೆ ಬಗೆದು ತೆರೆಯಬೇಡಿ. ಬೆನ್ನಿನ ಮೇಲೆ ನಿಲ್ಲಿಸಿ, ಮುಂದಿನಿಂದ ನಾಲ್ಕು ಹಾಳೆ, ಹಿಂದಿನಿಂದ ನಾಲ್ಕು ಹಾಳೆ, ಹೀಗೆ ಒತ್ತುತ್ತಾ ನಡುವಿಗೆ ಬನ್ನಿ. ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಲ್ಲಿ ಒತ್ತೊತ್ತಾಗಿ ತುರುಕಬೇಡಿ, ಗಾಳಿ ಆಡಬೇಕು. ನುಸಿಗುಳಿಗೆಯ ವಾಸನೆ ಆಗದವರು ಒಣಗಿದ ಬಜೆಯ ತುಂಡು ಇಡಬಹುದು. ಇಷ್ಟಾದರೂ ಬೂಸ್ಟು ಬಂದರೆ ಹೊಳವಾದ ದಿನ ಜಗಲಿಯ ನೆರಳಲ್ಲಿ ಹಾಳೆ ಬಿಡಿಸಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ ಮೆತ್ತನೆ ಬ್ರಷ್ಷಿನಲ್ಲಿ ಜಾಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಹಸಿ ಬಟ್ಟೆಯಲ್ಲಿ ಒರೆಸಲು ಹೋದರೆ ಬೂಸ್ಟು ಕಾಗದದ ನಾರಿನೊಳಗೆ ಇಳಿಯುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.