ಮಕ್ಕಳ ಪುಸ್ತಕಕ್ಕೆ ವಿಮರ್ಶೆ ಬರೆಯುವುದು ಹೇಗೆ?

ಮಕ್ಕಳ ಪುಸ್ತಕಗಳ ಪರಿಚಯ ಬರೆಯುವವರು ಬಹಳ ಸಲ ‘ಸುಂದರ ಚಿತ್ರಗಳು, ಒಳ್ಳೆಯ ನೀತಿ, ಮಕ್ಕಳು ಓದಲೇಬೇಕು’ ಎಂದು ಮುಗಿಸಿಬಿಡುತ್ತಾರೆ. ಆ ಪುಸ್ತಕವನ್ನು ಒಂದು ಮಗುವಾದರೂ ಓದಿತೇ, ಓದಿ ಏನಂದಿತು ಅನ್ನುವುದು ಅದರಲ್ಲಿ ಇರುವುದಿಲ್ಲ. ಪುಸ್ತಕ ಕೊಳ್ಳಲು ಹೊರಟ ಅಪ್ಪ ಅಮ್ಮನಿಗೆ, ಶಾಲೆಯ ಟೀಚರಿಗೆ ಬೇಕಾಗಿರುವುದು ಅದೇ ಅಲ್ವಾ?

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಿಂದ ಶುರು ಮಾಡಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಮೊಬೈಲಿನಲ್ಲೇ ಓದುವುದಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣ ಇದೆ. ಕನ್ನಡದ ಪುಸ್ತಕಗಳೂ ಅಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಓದಿನ ಹಂತ 1ರಿಂದ 4ರವರೆಗೆ ಗುರುತು ಮಾಡಿರುತ್ತಾರೆ. ಮೊದಲ ವಿಮರ್ಶೆಗೆ ಎರಡನೇ ಹಂತದ ಪುಸ್ತಕ ಸಾಕು.

ಮೊದಲ ಓದು: ಬರೀ ಚಿತ್ರ

ಅಕ್ಷರಕ್ಕೆ ಕೈ ಅಡ್ಡ ಇಟ್ಟುಕೊಂಡು ಚಿತ್ರಗಳನ್ನಷ್ಟೇ ನೋಡುತ್ತಾ ಹೋಗಿ. ಕಥೆ ಎಷ್ಟು ತಿಳಿಯಿತು? ಒಳ್ಳೆಯ ಚಿತ್ರಪುಸ್ತಕದಲ್ಲಿ ಮಾತು ಹೇಳದ ಸಂಗತಿಯನ್ನು ಚಿತ್ರ ಹೇಳುತ್ತದೆ. ‘ಅಮ್ಮ ಸುಮ್ಮನೆ ಕೂತಿದ್ದಳು’ ಎಂದು ಬರೆದಿರುತ್ತದೆ, ಚಿತ್ರದಲ್ಲಿ ಅವಳ ಮುಂದಿನ ಅನ್ನದ ತಟ್ಟೆ ಹಾಗೇ ಇರುತ್ತದೆ. ಇಂಥದ್ದು ಕಂಡರೆ ಪುಟದ ಸಂಖ್ಯೆ ಬರೆದಿಟ್ಟುಕೊಳ್ಳಿ.

ಎರಡನೇ ಓದು: ಗಟ್ಟಿಯಾಗಿ

ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಆರು ವರ್ಷದ ಮಗುವಿಗೆ ‘ಆಶ್ಚರ್ಯಚಕಿತನಾದನು’ ಯಾಕೆ, ‘ಬೆರಗಾದ’ ಸಾಲದೇ? ಅನುವಾದದ ಪುಸ್ತಕದಲ್ಲಿ ಇನ್ನೂ ಹುಷಾರಾಗಿರಬೇಕು. ‘ಅವನು ತನ್ನ ಕೈಗಳನ್ನು ತನ್ನ ಜೇಬುಗಳಲ್ಲಿ ಇಟ್ಟುಕೊಂಡನು’ ಅನ್ನುವ ಸಾಲು ನಮ್ಮದಲ್ಲ. ‘ಜೇಬಿಗೆ ಕೈ ಹಾಕಿದ’ ಅಂದರೆ ಮುಗಿಯಿತು. ವಿಮರ್ಶೆಯಲ್ಲಿ ಇಂಥ ಒಂದು ಸಾಲನ್ನು ಎತ್ತಿ ತೋರಿಸಿದರೆ ‘ಅನುವಾದ ಸರಾಗವಾಗಿಲ್ಲ’ ಎಂದು ಬರೆಯುವ ಅಗತ್ಯವೇ ಇಲ್ಲ. ಚೆನ್ನಾಗಿರುವ ಸಾಲನ್ನೂ ಹಾಗೇ ಎತ್ತಿ ಕೊಡಿ.

ಮೂರನೇ ಓದು: ಮಗುವಿನ ಜೊತೆ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧ ಕೆಲಸ. ಓದುವಾಗ ನಡುವೆ ‘ಅರ್ಥವಾಯ್ತಾ?’ ಎಂದು ಕೇಳಬೇಡಿ. ಮಗು ಯಾವ ಪುಟಕ್ಕೆ ವಾಪಸ್ ಹೋಯಿತು, ಎಲ್ಲಿ ಆಕಳಿಸಿತು, ಎಲ್ಲಿ ನಿಮ್ಮ ಕೈ ತಡೆದು ನಿಲ್ಲಿಸಿತು, ಇಷ್ಟು ನೋಡಿದರೆ ಸಾಕು.

ನಮ್ಮ ಪಕ್ಕದ ಮನೆಯ ಎಂಟು ವರ್ಷದ ಹುಡುಗಿಗೆ ಅಜ್ಜಿ ಮೊಮ್ಮಗಳ ಕಥೆಯೊಂದನ್ನು ಓದುತ್ತಿದ್ದೆ. ಚಿತ್ರದ ಅಜ್ಜಿಗೆ ಬಿಳಿ ತುರುಬು, ದಪ್ಪ ಕನ್ನಡಕ, ಕೈಯಲ್ಲಿ ಕೋಲು. ಹುಡುಗಿ ಪುಟದ ಮೇಲೆ ಬೆರಳಿಟ್ಟು, ‘ಆಂಟಿ, ನಮ್ಮಜ್ಜಿ ಗಾರ್ಮೆಂಟ್ಸಿಗೆ ಹೋಗ್ತಾಳೆ. ಇವರಜ್ಜಿ ಯಾಕೆ ಹೋಗಲ್ಲ?’ ಅಂದಳು. ನಾನು ಅದೇ ಪುಸ್ತಕವನ್ನು ಎರಡು ಸಲ ಓದಿದ್ದೆ, ನನಗೆ ಅದು ಹೊಳೆದಿರಲಿಲ್ಲ.

ಅಮೆರಿಕದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ 1990ರ ಲೇಖನವೊಂದರಲ್ಲಿ ಪುಸ್ತಕಗಳನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದರು. ಮಗುವಿಗೆ ತನ್ನ ಮನೆಯೇ ಕಂಡರೆ ಅದು ಕನ್ನಡಿ, ಕಾಣದ ಮನೆಯೊಳಗೆ ಇಣುಕಲು ಬಿಟ್ಟರೆ ಕಿಟಕಿ. ಗಾರ್ಮೆಂಟ್ಸಿಗೆ ಹೋಗುವ ಅಜ್ಜಿಯ ಮೊಮ್ಮಗಳಿಗೆ ಎಷ್ಟು ಪುಸ್ತಕ ಕನ್ನಡಿಯಾಗಿವೆ ಹೇಳಿ.

ಹಾಗಾಗಿ ಪುಸ್ತಕದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಎಣಿಸಿ ನೋಡಿ. ಅಡುಗೆಮನೆಯಲ್ಲಿ ಯಾರು ನಿಂತಿದ್ದಾರೆ? ಕಪ್ಪು ಬಣ್ಣದ ಮಗು ನಾಯಕಿಯೋ, ಹಿಂದೆ ನಿಂತ ಗೆಳತಿಯೋ? ಗಾಲಿಕುರ್ಚಿಯ ಹುಡುಗ ಆಟ ಆಡುತ್ತಾನೋ, ಬರೀ ಕನಿಕರಕ್ಕೆ ಬಂದು ಹೋಗುತ್ತಾನೋ? ದಲಿತರ, ಮುಸ್ಲಿಮರ, ಸೋಲಿಗರ ಮನೆಯ ಕಥೆ ಇದ್ದರೆ ಅಲ್ಲಿ ನಗು, ಜಗಳ, ತುಂಟತನ ಇವೆಯೋ, ಅಥವಾ ಕಷ್ಟ ಮಾತ್ರವೋ? ಇದ್ದರೆ ಮೆಚ್ಚಿ ಬರೆಯಿರಿ, ಇಲ್ಲದಿದ್ದರೆ ನೇರವಾಗಿ ಹೇಳಿ. ಒಂದೇ ಪುಸ್ತಕದಲ್ಲಿ ಎಲ್ಲರೂ ಇರಬೇಕೆಂದು ಹಟ ಹಿಡಿಯುವುದು ಮಾತ್ರ ಸರಿಯಲ್ಲ.

ದೊಡ್ಡವರ ಹೊಸ ಕಾದಂಬರಿಗೂ ಇದೇ ಪ್ರಶ್ನೆಗಳು ಒಪ್ಪುತ್ತವೆ. ಒಂದೇ ವ್ಯತ್ಯಾಸ: ಮುಗಿಸಿದ ದಿನವೇ ಬರೆಯಬೇಡಿ. ಒಂದು ವಾರ ಬಿಟ್ಟು, ಪುಸ್ತಕ ತೆರೆಯದೆ, ನೆನಪಿನಲ್ಲಿ ಉಳಿದದ್ದನ್ನು ಮೊದಲು ಬರೆದುಕೊಳ್ಳಿ.

ಬರೆಯುವಾಗ

ಮುನ್ನೂರು ಪದ ಸಾಕು. ಕಥೆಯನ್ನು ಮೂರು ಸಾಲಿಗಿಂತ ಜಾಸ್ತಿ ಹೇಳಬೇಡಿ, ಕೊನೆ ಬಿಟ್ಟುಕೊಡಲೇಬೇಡಿ. ಲೇಖಕರ ಜೊತೆ ಚಿತ್ರ ಬರೆದವರ ಹೆಸರು, ಅನುವಾದಕರ ಹೆಸರು, ಪ್ರಕಾಶಕರು, ಪುಟ, ಬೆಲೆ ಹಾಕಿ. ಚಿತ್ರಕಾರರ ಹೆಸರು ಬಿಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ, ಅದು ಅನ್ಯಾಯ. ಜೊತೆಗೆ ಓದಿದ ಮಗುವಿನ ವಯಸ್ಸು ಹೇಳಿ, ಹೆಸರು ಬೇಡ.

ಆ ಅಜ್ಜಿಯ ಪುಸ್ತಕಕ್ಕೆ ನಾನು ಬರೆದ ವಿಮರ್ಶೆ ಹೀಗೆ ಶುರುವಾಯಿತು: ‘ಈ ಕಥೆಯ ಅಜ್ಜಿ ದಿನವಿಡೀ ಜಗಲಿಯ ಮೇಲೆ ಕೂತಿರುತ್ತಾಳೆ. ನನ್ನ ಜೊತೆ ಓದಿದ ಎಂಟು ವರ್ಷದ ಹುಡುಗಿಯ ಅಜ್ಜಿ ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿಯುತ್ತಾಳೆ.’